ಪದ್ಯ ಮರೆಯುವುದು ಸಾಲಿನ ಕೀಲಿನಲ್ಲಿ: ಕಂಠಪಾಠದ ಬಗ್ಗೆ ಓದುಗರ ಪ್ರಶ್ನೆಗಳಿಗೆ ಉತ್ತರ

ನಿವೃತ್ತನಾದ ಮೇಲೆ ಗಮಕ ತರಗತಿಗೆ ಸೇರಿದ್ದೇನೆ. ಕುಮಾರವ್ಯಾಸನ ನಾಂದಿ ಪದ್ಯವನ್ನು ದಿನಕ್ಕೆ ಇಪ್ಪತ್ತು ಸಲ ಓದುತ್ತೇನೆ. ಮರುದಿನ ಒಪ್ಪಿಸಲು ಹೋದರೆ ಎರಡನೆಯ ಸಾಲಿಗೇ ನಿಂತುಬಿಡುತ್ತೇನೆ. ಯಾರಾದರೂ ಸಾಲಿನ ಮೊದಲ ಪದ ಹೇಳಿಕೊಟ್ಟರೆ ಉಳಿದದ್ದು ತಾನೇ ಬರುತ್ತದೆ. ಇದು ವಯಸ್ಸಿನ ದೋಷವೇ?
— ನಿವೃತ್ತ ಬ್ಯಾಂಕ್ ನೌಕರರು, ಶಿವಮೊಗ್ಗ

ವಯಸ್ಸಾದಂತೆ ಹೊಸ ಪದ್ಯ ಹತ್ತುವುದು ತುಸು ನಿಧಾನ, ನಿಜ. ಆದರೆ ನಿಮ್ಮ ತೊಂದರೆ ಅದಲ್ಲ. ಮೊದಲ ಪದ ಸಿಕ್ಕರೆ ಸಾಲು ಬರುತ್ತದೆ ಎಂದ ಮೇಲೆ ಸಾಲುಗಳು ನಿಮ್ಮಲ್ಲಿ ಇವೆ, ಸಾಲುಗಳ ನಡುವಿನ ಕೀಲು ಇಲ್ಲ. ಪುಸ್ತಕ ನೋಡಿ ಓದುವಾಗ ಒಂದು ಸಾಲು ಮುಗಿದ ಕೂಡಲೇ ಕಣ್ಣು ಮುಂದಿನ ಸಾಲನ್ನು ಪುಕ್ಕಟೆ ತಂದುಕೊಡುತ್ತದೆ. ಹಾಗಾಗಿ ಅದನ್ನು ನೆನಪಿನಿಂದ ಎತ್ತಿಕೊಳ್ಳುವ ಕೆಲಸ ಇಪ್ಪತ್ತು ಸಲದಲ್ಲಿ ಒಂದು ಸಲವೂ ನಡೆದಿರುವುದಿಲ್ಲ. ಇನ್ನೂ ನಲವತ್ತು ಸಲ ಓದಿದರೂ ಅಷ್ಟೇ.

ನಿಮ್ಮ ಪದ್ಯವನ್ನೇ ಬಿಡಿಸಿ ನೋಡೋಣ. ಇದು ಭಾಮಿನಿ ಷಟ್ಪದಿ. 1, 2, 4, 5ನೆಯ ಸಾಲುಗಳಲ್ಲಿ 3+4+3+4, ಅಂದರೆ 14 ಮಾತ್ರೆ. 3 ಮತ್ತು 6ನೆಯ ಸಾಲುಗಳಲ್ಲಿ 3+4 ಮೂರು ಸಲ ಬಂದು ಕೊನೆಗೊಂದು ಗುರು, ಅಂದರೆ 23. ಇಡೀ ಪದ್ಯಕ್ಕೆ 102 ಮಾತ್ರೆ. ಗಣ ಬಿಡಿಸಿ ಬರೆದರೆ ಹೀಗೆ:

ಶ್ರೀವ | ನಿತೆಯರ | ಸನೆ ವಿ | ಮಲ ರಾ
ಜೀವ | ಪೀಠನ | ಪಿತನೆ | ಜಗಕತಿ
ಪಾವ | ನನೆ ಸನ | ಕಾದಿ | ಸಜ್ಜನ | ನಿಕರ | ದಾತಾ | ರ
ರಾವ | ಣಾಸುರ | ಮಥನ | ಶ್ರವಣ ಸು
ಧಾ ವಿ | ನೂತನ | ಕಥನ | ಕಾರಣ
ಕಾವು | ದಾನತ | ಜನವ | ಗದುಗಿನ | ವೀರ | ನಾರಯ | ಣ

ಮೂರು ಕಡೆ ಸಾಲು ಮುಗಿದರೂ ಪದ ಮುಗಿದಿಲ್ಲ, ನೋಡಿ: ರಾ-ಜೀವ, ಅತಿ-ಪಾವನನೆ, ಸು-ಧಾ. ಮೊದಲ ಸಾಲಿನ ಕೊನೆಗೆ ಉಸಿರು ತೆಗೆದುಕೊಂಡರೆ ‘ರಾಜೀವ’ ಎರಡು ತುಂಡು. ತುಂಡಾದ ಪದಕ್ಕೆ ಅರ್ಥವಿಲ್ಲ, ಅರ್ಥವಿಲ್ಲದ್ದು ನೆನಪಿಗೆ ಬರುವುದಿಲ್ಲ. ನೀವು ನಿಲ್ಲುವುದು ಸರಿಯಾಗಿ ಈ ಜಾಗದಲ್ಲೇ.

ಆದ್ದರಿಂದ ಮೊದಲ ಕೆಲಸ ಪದಚ್ಛೇದ. ‘ಜಗಕತಿ’ ಎಂದರೆ ಜಗಕೆ ಅತಿ. ‘ಕಾವುದಾನತ’ ಎಂದರೆ ಕಾವುದು ಆನತ. ರಾಜೀವಪೀಠ ಎಂದರೆ ಕಮಲದ ಮೇಲೆ ಕುಳಿತ ಬ್ರಹ್ಮ. ಆಮೇಲೆ ಕರೆಗಳನ್ನು ಎಣಿಸಿ: ಅರಸನೆ, ಪಿತನೆ, ಪಾವನನೆ, ದಾತಾರ, ಮಥನ, ಕಾರಣ. ಆರು ಸಲ ಕರೆದು, ಏಳನೆಯದಾಗಿ ಒಂದೇ ಬೇಡಿಕೆ, ‘ಕಾವುದು’. ಕೊನೆಗೆ ಹೆಸರು. ಇಷ್ಟು ಹಿಡಿದರೆ ಪದ್ಯದ ಎಲುಬು ಕೈಗೆ ಸಿಕ್ಕಂತೆ. ಆರು ಕರೆ ಆರು ಸಾಲಿಗೆ ಒಂದೊಂದರಂತೆ ಹಂಚಿಲ್ಲ, ಮೂರನೆಯ ಸಾಲಿನಲ್ಲಿ ಎರಡಿವೆ. ಇದನ್ನು ಗಮನಿಸದವರು ‘ದಾತಾರ’ವನ್ನು ನುಂಗಿಬಿಡುತ್ತಾರೆ.

ಎರಡನೆಯದು ತಾಳ. 3+4ರ ಏಳಕ್ಕೆ ‘ತಕಿಟ ತಕಧಿಮಿ’ ಎಂದು ಪ್ರತಿ ಗಣದ ಮೊದಲ ಅಕ್ಷರಕ್ಕೆ ತೊಡೆ ತಟ್ಟುತ್ತ ಹೇಳಿ. ಯಾವುದಾದರೂ ಪದ ಬಿಟ್ಟುಹೋದರೆ ಕೈ ಎಡವುತ್ತದೆ. ಛಂದಸ್ಸು ಪುಕ್ಕಟೆ ಕಾವಲುಗಾರ.

ಮೂರನೆಯದು ಆದಿಪ್ರಾಸ. ಪ್ರತಿ ಸಾಲಿನ ಎರಡನೆಯ ಅಕ್ಷರ ‘ವ’. ಒಂದು ಚೀಟಿಯಲ್ಲಿ ಸಾಲಿನ ಮೊದಲೆರಡು ಅಕ್ಷರ ಮಾತ್ರ ಬರೆಯಿರಿ: ಶ್ರೀವ, ಜೀವ, ಪಾವ, ರಾವ, ಧಾವಿ, ಕಾವು. ಪುಸ್ತಕ ಮುಚ್ಚಿ ಈ ಚೀಟಿ ನೋಡಿಕೊಂಡು ಹೇಳಿ. ಆಮೇಲೆ ಈ ಆರು ತುಣುಕುಗಳನ್ನೇ ಬಾಯಿಪಾಠ ಮಾಡಿ ಚೀಟಿ ಹರಿದುಹಾಕಿ. ಆದರೆ ಪ್ರಾಸಕ್ಕೆ ಎರಡು ಅಲಗು. ಪಾವ, ರಾವ, ಕಾವು ಒಂದೇ ಬಗೆಯಲ್ಲಿ ಕೇಳಿಸುವುದರಿಂದ ನಾಲಿಗೆ ಎರಡರಿಂದ ನಾಲ್ಕಕ್ಕೆ ಹಾರಬಹುದು. ಅದಕ್ಕೆ ವೇದಾಧ್ಯಯನದ ಕ್ರಮಪಾಠದಿಂದ ಒಂದು ಉಪಾಯ ಎರವಲು ಪಡೆಯಬಹುದು. ಅಲ್ಲಿ ಒಂದು-ಎರಡು, ಎರಡು-ಮೂರು, ಮೂರು-ನಾಲ್ಕು ಎಂದು ಪದಗಳನ್ನು ಜೋಡಿಜೋಡಿಯಾಗಿ ಹೆಣೆದು ಹೇಳುತ್ತಾರೆ. ನೀವು ಹಿಂದಿನ ಸಾಲಿನ ಕೊನೆಯ ಗಣ ಮತ್ತು ಮುಂದಿನ ಸಾಲಿನ ಮೊದಲ ಗಣ ಇವೆರಡನ್ನು ಮಾತ್ರ ಜೋಡಿಸಿ ಹೇಳಿ: ‘ಮಲ ರಾಜೀವ’, ‘ಜಗಕತಿಪಾವ’, ‘ದಾತಾರ ರಾವ’, ‘ಶ್ರವಣ ಸುಧಾ ವಿ’, ‘ಕಾರಣ ಕಾವು’. ಐದು ಕೀಲು, ಒಂದೊಂದಕ್ಕೆ ಹತ್ತು ಸಲ. ಐದು ನಿಮಿಷದ ಕೆಲಸ. ಇಪ್ಪತ್ತು ಸಲ ಇಡೀ ಪದ್ಯ ಓದುವುದಕ್ಕಿಂತ ಇದರಿಂದ ಲಾಭ ಹೆಚ್ಚು.

ಒಪ್ಪಿಸುವಾಗ ನಿಂತರೆ ತಕ್ಷಣ ಪುಸ್ತಕ ತೆರೆಯಬೇಡಿ. ಹದಿನೈದು ಸೆಕೆಂಡು ತಡಕಾಡಿ, ಆಮೇಲೂ ಬಾರದಿದ್ದರೆ ಒಂದೇ ಒಂದು ಪದ ನೋಡಿ ಮುಚ್ಚಿ. ತಡಕಾಡುವ ಆ ಹದಿನೈದು ಸೆಕೆಂಡೇ ನಿಜವಾದ ಅಭ್ಯಾಸ. ಕಲಿತ ದಿನ ಸಂಜೆ, ಮರುದಿನ, ಮೂರನೆಯ ದಿನ, ಏಳನೆಯ ದಿನ, ಹದಿನೈದನೆಯ ದಿನ, ತಿಂಗಳಿಗೆ — ಹೀಗೆ ಪುಸ್ತಕವಿಲ್ಲದೆ ಒಂದೊಂದು ಸಲ ಹೇಳಿ. ಎಲ್ಲಾದರೂ ತಪ್ಪಿದರೆ ಆ ಪದ್ಯವನ್ನು ಮತ್ತೆ ‘ಮರುದಿನ’ದ ಸಾಲಿಗೆ ಹಾಕಿ.

ಈ ಪದ್ಯದಲ್ಲಿ ಎಲ್ಲರೂ ಮಾಡುವ ಎರಡು ತಪ್ಪುಗಳನ್ನೂ ಹೇಳಿಬಿಡುತ್ತೇವೆ. ಒಂದು, ಕೊನೆಯಲ್ಲಿ ‘ವೀರನಾರಾಯಣ’ ಎನ್ನುವುದು. ಕವಿ ಬರೆದದ್ದು ‘ನಾರಯಣ’. ‘ರಾ’ ಎಂದು ಎಳೆದರೆ ನಾಲ್ಕು ಮಾತ್ರೆಯ ಗಣ ಐದಾಗಿ ತಾಳ ಕುಂಟುತ್ತದೆ. ದೇವರ ಹೆಸರು ಮೊಟಕಾಯಿತಲ್ಲ ಎಂಬ ಸಂಕೋಚ ಬೇಡ, ಮೊಟಕು ಮಾಡಿದವನು ಕವಿಯೇ. ಎರಡು, ‘ಮಥನ ಶ್ರವಣ’. ಒತ್ತಕ್ಷರದ ಹಿಂದಿನ ಅಕ್ಷರ ಗುರುವಾಗಬೇಕೆಂಬುದು ನಿಯಮ, ಆದರೆ ಇಲ್ಲಿ ಶಿಥಿಲದ್ವಿತ್ವ, ಅಂದರೆ ಒತ್ತಕ್ಷರ ಸಡಿಲವಾಗಿ ಹಿಂದಿನ ಅಕ್ಷರ ಲಘುವಾಗಿಯೇ ಉಳಿಯುತ್ತದೆ. ‘ನ’ವನ್ನು ಒತ್ತದೆ ತೇಲಿಸಿ ಹೇಳಬೇಕು.

ಪದ್ಯ ಗಟ್ಟಿಯಾದ ಮೇಲೆ ತೊಡೆ ತಟ್ಟುವುದನ್ನು ಬಿಡಿ. ಗಮಕದ ವಾಚನ ಅರ್ಥಕ್ಕೆ ತಕ್ಕಂತೆ ಪದ ಒಡೆಯುವ ಕಲೆ. ತಾಳ ಒಳಗಿರಬೇಕು, ಹೊರಗೆ ಕೇಳಿಸಬಾರದು. ಶಿವಮೊಗ್ಗದವರಿಗೆ ಇದನ್ನು ಹೇಳುವುದೇ ಅಧಿಕಪ್ರಸಂಗ. ನಿಮ್ಮ ಪಕ್ಕದ ಹೊಸಹಳ್ಳಿಯ ಗಮಕಿ ಎಚ್.ಆರ್. ಕೇಶವಮೂರ್ತಿಯವರಿಗೆ 2022ರಲ್ಲಿ ಪದ್ಮಶ್ರೀ ಬಂದದ್ದು ಈ ಕಲೆಗೇ. ರಾಗವನ್ನು ಮಾತ್ರ ಮೊದಲ ದಿನವೇ ಹಚ್ಚಬೇಡಿ. ಒಂದೇ ರಾಗಕ್ಕೆ ಅಂಟಿಕೊಂಡ ಪದ್ಯ ಆ ರಾಗವಿಲ್ಲದೆ ಬಾಯಿಗೆ ಬರುವುದಿಲ್ಲ. ನಾಳೆ ಗುರುಗಳು ರಾಗ ಬದಲಿಸಿದರೆ ಪದವೂ ಹೋಗುತ್ತದೆ.

ನಮ್ಮ ಶಾಲೆಯ ಮಕ್ಕಳು ನಾಡಗೀತೆಯನ್ನು ಚೆನ್ನಾಗಿ ಹಾಡುತ್ತಾರೆ. ಆದರೆ ನಡುವಿನ ಚರಣಗಳು ಅದಲುಬದಲಾಗುತ್ತವೆ. ಅರ್ಧ ತರಗತಿ ಒಂದು ಕಡೆ, ಅರ್ಧ ತರಗತಿ ಇನ್ನೊಂದು ಕಡೆ.
— ಪ್ರಾಥಮಿಕ ಶಾಲಾ ಶಿಕ್ಷಕಿ, ಸಿರಸಿ

ತಪ್ಪು ಮಕ್ಕಳದ್ದಲ್ಲ. ಅದು ಗೀತೆಯ ರಚನೆಯಲ್ಲೇ ಇರುವ ಜಂಕ್ಷನ್. ನಾಲ್ಕು ಭಾಗಗಳು ಬಂದು ಸೇರುವುದು ಒಂದೇ ಸಾಲಿಗೆ, ‘ಭಾರತ ಜನನಿಯ ತನುಜಾತೆ’. ಒಂದೇ ನಿಲ್ದಾಣದಿಂದ ನಾಲ್ಕು ದಾರಿ ಹೊರಟರೆ ಗಾಡಿ ತಪ್ಪುವುದು ಸಹಜ. ಪಲ್ಲವಿಯಿಂದ ಮುಂದಕ್ಕೆ ಕಲಿಸುವ ಬದಲು, ಪಲ್ಲವಿಗೆ ಮುಂಚಿನ ಹೆಸರನ್ನು ಚರಣದ ಮೊದಲ ಪದಕ್ಕೆ ಕಟ್ಟಿ. ಆರಂಭದ ‘ಜಯ ಭಾರತ’ ಭಾಗಕ್ಕೆ ರಾಘವ, ‘ಜನನಿಯ ಜೋಗುಳ’ಕ್ಕೆ ಕಪಿಲ, ‘ಶಂಕರ ರಾಮಾನುಜ’ಕ್ಕೆ ನಾನಕ, ‘ತೈಲಪ ಹೊಯ್ಸಳ’ಕ್ಕೆ ಚೈತನ್ಯ. ನೀವು ‘ಶಂಕರ’ ಎಂದರೆ ಮಕ್ಕಳು ‘ನಾನಕ’ ಎನ್ನಬೇಕು, ‘ತೈಲಪ’ ಎಂದರೆ ‘ಚೈತನ್ಯ’. ಎರಡು ನಿಮಿಷದ ಆಟ, ಒಂದು ವಾರ ಆಡಿಸಿ.

ಚರಣಗಳ ಕ್ರಮಕ್ಕೆ: ತಾಯಿ, ಗುರುಗಳು ಮತ್ತು ಕವಿಗಳು, ಅರಸರು-ಶಿಲ್ಪಿಗಳು-ನದಿಗಳು, ಕೊನೆಗೆ ಸರ್ವಜನ. ಕವಿಗಳ ಪಟ್ಟಿಯಲ್ಲಿ ರನ್ನ, ಪೊನ್ನ, ಜನ್ನ ಎಂಬ ಪ್ರಾಸವೇ ಮಕ್ಕಳನ್ನು ದಾರಿ ತಪ್ಪಿಸುತ್ತದೆ. ಷಡಕ್ಷರಿ ರನ್ನ-ಪೊನ್ನರ ನಡುವೆ ಇದ್ದಾನೆ, ಲಕುಮಿಪತಿ ಪಂಪ-ಜನ್ನರ ನಡುವೆ. ಎರಡು ಸ್ಯಾಂಡ್‌ವಿಚ್ ಎಂದು ಹೇಳಿಕೊಟ್ಟರೆ ಮರೆಯುವುದಿಲ್ಲ.

2022ರ ಸರ್ಕಾರಿ ಆದೇಶದಂತೆ ಮೈಸೂರು ಅನಂತಸ್ವಾಮಿಯವರ ಧಾಟಿಯಲ್ಲಿ 2 ನಿಮಿಷ 30 ಸೆಕೆಂಡಿನಲ್ಲಿ ಹಾಡಬೇಕು. ಆದರೆ ಕಲಿಸುವಾಗ ಮೊದಲು ಹಾಡಿಸದೆ, ಇದರ ಎರಡರಷ್ಟು ಸಮಯ ತೆಗೆದುಕೊಂಡು ಮಾತಿನಂತೆ ಹೇಳಿಸಿ. ಸಮೂಹ ಗಾಯನದಲ್ಲಿ ಪಕ್ಕದವನ ಬಾಯಿ ನೋಡಿ ತುಟಿ ಅಲ್ಲಾಡಿಸುವವರು ಪ್ರತಿ ತರಗತಿಯಲ್ಲೂ ಇರುತ್ತಾರೆ. ಹೇಳಿಸಿದಾಗ ಅವರು ಸಿಕ್ಕಿಬೀಳುತ್ತಾರೆ.

ಮಗಳು ನಾಲ್ಕನೆಯ ತರಗತಿ. ಕಂಠಪಾಠ ಸ್ಪರ್ಧೆಗೆ ಇನ್ನು ಐದು ದಿನ. ಮನೆಯಲ್ಲಿ ಪಟಪಟ ಹೇಳುತ್ತಾಳೆ. ವೇದಿಕೆಯಲ್ಲಿ ನಡುವೆ ನಿಂತರೆ ಮೊದಲಿನಿಂದ ಶುರುಮಾಡುತ್ತಾಳೆ, ಅದೇ ಜಾಗದಲ್ಲಿ ಮತ್ತೆ ನಿಲ್ಲುತ್ತಾಳೆ.
— ತಾಯಿ, ಹಾಸನ

ಮೊದಲಿನಿಂದ ಶುರುಮಾಡುವುದು ಮನೆಯಲ್ಲಿ ಕಲಿತ ಅಭ್ಯಾಸ. ತಪ್ಪಿದಾಗಲೆಲ್ಲ ‘ಮೊದಲಿಂದ ಹೇಳು’ ಎಂದರೆ ಮೊದಲ ಸಾಲು ನೂರು ಸಲ ಹೇಳಿದಂತಾಗುತ್ತದೆ, ಕೊನೆಯ ಸಾಲು ಹತ್ತು ಸಲವೂ ಆಗಿರುವುದಿಲ್ಲ. ಇನ್ನು ಈ ಐದು ದಿನ ತಿರುಗಿಸಿ ಮಾಡಿ. ಮೊದಲ ದಿನ ಕೊನೆಯ ಪದ್ಯ ಮಾತ್ರ. ಎರಡನೆಯ ದಿನ ಕೊನೆಯ ಎರಡು. ಹೀಗೆ ಹಿಂದಿನಿಂದ ಮುಂದಕ್ಕೆ ಬಂದರೆ, ಹೇಳುತ್ತ ಹೋದಂತೆ ಹೆಚ್ಚು ಗಟ್ಟಿಯಾದ ಭಾಗಕ್ಕೇ ಹೋಗುತ್ತಾಳೆ. ವೇದಿಕೆಯ ಮೇಲೆ ದಮ್ಮು ಕಡಿಮೆಯಾಗುವ ಹೊತ್ತಿಗೆ ಸುಲಭದ ಭಾಗ ಎದುರಾಗುತ್ತದೆ.

ಮೂರನೆಯ ದಿನದಿಂದ ನಡುವಿನ ಯಾವುದಾದರೂ ಸಾಲಿನ ಮೊದಲ ಪದ ಹೇಳಿ, ಅಲ್ಲಿಂದ ಹಿಡಿಯಲಿ. ಅಡಿಗೆ ಮಾಡುತ್ತ, ಬಸ್ ಕಾಯುತ್ತ ಕೇಳಿದರೆ ಸಾಕು. ನಾಲ್ಕನೆಯ ದಿನ ಸೋಫಾದಲ್ಲಿ ಕೂತು ಬೇಡ. ಎದ್ದು ನಿಂತು, ಕೈ ಕೆಳಗಿಟ್ಟು, ಕೋಣೆಯ ಆ ತುದಿಯಲ್ಲಿ ಕೂತ ಅಜ್ಜನಿಗೆ ಕೇಳುವಷ್ಟು ಗಟ್ಟಿಯಾಗಿ ಹೇಳಲಿ. ಟಿ.ವಿ. ಹಾಕಿಟ್ಟು ಒಂದು ಸಲ, ನೀವು ಬೇಕೆಂದೇ ಕೆಮ್ಮಿ ಒಂದು ಸಲ. ಮನೆಯ ಮೌನದಲ್ಲಿ ಕಲಿತದ್ದು ಸಭೆಯ ಗದ್ದಲದಲ್ಲಿ ಕೈಕೊಡುತ್ತದೆ, ಅದಕ್ಕೆ ಈ ತಯಾರಿ.

ಆ ‘ಪಟಪಟ’ವೂ ಒಳ್ಳೆಯ ಲಕ್ಷಣವಲ್ಲ. ವೇಗದಲ್ಲಿ ಹೇಳುವಾಗ ನಾಲಿಗೆಯೇ ನಾಲಿಗೆಯನ್ನು ಎಳೆದುಕೊಂಡು ಹೋಗುತ್ತದೆ, ಮನಸ್ಸು ಜೊತೆಗಿರುವುದಿಲ್ಲ. ಒಂದೊಂದು ಪದಕ್ಕೂ ಒಂದೊಂದು ಹೆಜ್ಜೆ ಇಟ್ಟು ನಿಧಾನವಾಗಿ ಹೇಳಿಸಿ ನೋಡಿ, ಗೊತ್ತಿಲ್ಲದ ಜಾಗ ತಾನೇ ಬಯಲಾಗುತ್ತದೆ. ಅಲ್ಲೊಂದು ಪೆನ್ಸಿಲ್ ಗುರುತು ಹಾಕಿ ಅದನ್ನಷ್ಟೇ ತಿದ್ದಿ. ವೇದಿಕೆಯಲ್ಲಿ ನಿಂತುಬಿಟ್ಟರೆ ಏನು ಮಾಡಬೇಕೆಂದೂ ಮೊದಲೇ ಹೇಳಿಕೊಡಿ: ಒಂದು ಉಸಿರು, ಹಿಂದಿನ ಒಂದೇ ಸಾಲು ಮತ್ತೆ, ಅದಕ್ಕೂ ಬಾರದಿದ್ದರೆ ಮುಂದಿನ ಪದ್ಯಕ್ಕೆ ದಾಟುವುದು. ಐದನೆಯ ದಿನ ಬೆಳಿಗ್ಗೆ ಒಂದು ಸಲ, ಅಷ್ಟೇ. ಸರದಿಯಲ್ಲಿ ನಿಂತಾಗ ಗುನುಗಬೇಕಾದದ್ದು ಮೊದಲ ಸಾಲು ಮಾತ್ರ.

ಷಟ್ಪದಿ ನಿಲ್ಲುತ್ತದೆ, ವಚನ ನಿಲ್ಲುವುದಿಲ್ಲ. ಪದಗಳು ಹಿಂದುಮುಂದಾಗುತ್ತವೆ. ಯಾಕೆ?
— ಪದವಿ ವಿದ್ಯಾರ್ಥಿ, ಕಲಬುರಗಿ

ವಚನಕ್ಕೆ ಮಾತ್ರೆಯ ಕಾವಲಿಲ್ಲ. ಪದ ಜಾಗ ಬದಲಿಸಿದರೂ ಕಿವಿ ದೂರು ಹೇಳುವುದಿಲ್ಲ. ಅಲ್ಲಿ ಹಿಡಿಯಬೇಕಾದದ್ದು ವಾಕ್ಯದ ಮಟ್ಟು ಮತ್ತು ವಿಚಾರದ ಏಣಿ. ಬಸವಣ್ಣನವರ ‘ಕಳಬೇಡ ಕೊಲಬೇಡ’ ತೆಗೆದುಕೊಳ್ಳಿ. ಏಳು ‘ಬೇಡ’, ಮೂರು ‘ಇದೇ’. ಏಳನ್ನು ಹೀಗೆ ಒಡೆಯಿರಿ: ಕಳಬೇಡ, ಕೊಲಬೇಡ ಎರಡು ಕೈಯ ಕೆಲಸ. ಹುಸಿಯ ನುಡಿಯಲು ಬೇಡ, ನಾಲಿಗೆಯದ್ದು. ಮುನಿಯಬೇಡ, ಅನ್ಯರಿಗೆ ಅಸಹ್ಯಪಡಬೇಡ, ಎರಡು ಮನಸ್ಸಿನವು. ತನ್ನ ಬಣ್ಣಿಸಬೇಡ, ಇದಿರ ಹಳಿಯಲು ಬೇಡ, ತಾನು ಮತ್ತು ಇದಿರು ಎಂಬ ಜೋಡಿ. ಕೈ, ನಾಲಿಗೆ, ಮನಸ್ಸು, ತಾನು-ಇದಿರು. ಇನ್ನು ಕ್ರಮ ತಪ್ಪುವುದು ಕಷ್ಟ. ಮೂರು ‘ಇದೇ’ಗಳಲ್ಲಿ ಅಂತರಂಗ ಮೊದಲು, ಬಹಿರಂಗ ಆಮೇಲೆ, ಕೊನೆಗೆ ಅಂಕಿತದೊಡನೆ ಒಲಿಸುವ ಪರಿ.

ಇನ್ನೊಂದು ಮಾತು. ‘ಹುಸಿಯ ನುಡಿಯಲು ಬೇಡ’ ಮತ್ತು ‘ಹಳಿಯಲು ಬೇಡ’ ಇವೆರಡರಲ್ಲಿ ಮಾತ್ರ ‘ಲು ಬೇಡ’ ಎಂದು ಬಿಡಿಸಿ ಬಂದಿದೆ, ಉಳಿದ ಐದರಲ್ಲಿ ಕೂಡಿಕೊಂಡಿದೆ. ಇಂಥ ಸಣ್ಣ ವ್ಯತ್ಯಾಸವನ್ನು ಬೆರಳಿಟ್ಟು ಗುರುತಿಸಿದರೆ ವಚನದ ಲಯ ಕಿವಿಗೆ ಸಿಗುತ್ತದೆ. ಹಲವು ವಚನಗಳನ್ನು ಒಟ್ಟಿಗೆ ಕಲಿಯುವಾಗ ಒಂದೇ ಅಂಕಿತದವನ್ನು ಒಂದೇ ದಿನ ಕಲಿಯಬೇಡಿ. ಒಂದು ಕೂಡಲಸಂಗಮದೇವ, ಒಂದು ಗುಹೇಶ್ವರ, ಒಂದು ಚೆನ್ನಮಲ್ಲಿಕಾರ್ಜುನ ಎಂದು ಬೆರೆಸಿ. ಬಾಲ ಒಂದೇ ಆದರೆ ತಲೆಗಳು ಬೆರೆತುಹೋಗುತ್ತವೆ.

ಒಂದು ವರ್ಷದಲ್ಲಿ ಇಡೀ ಮಂಕುತಿಮ್ಮನ ಕಗ್ಗ ಬಾಯಿಪಾಠ ಮಾಡಬೇಕೆಂದಿದ್ದೇನೆ. ಸಾಧ್ಯವೇ?
— ಸಾಫ್ಟ್‌ವೇರ್ ಉದ್ಯೋಗಿ, ಬೆಂಗಳೂರು

ಲೆಕ್ಕ ಹಾಕಿ. ಕಗ್ಗದಲ್ಲಿ 945 ಪದ್ಯಗಳಿವೆ. ವರ್ಷಕ್ಕೆ ಮುಗಿಸಲು ದಿನಕ್ಕೆ ಎರಡೂವರೆಗಿಂತ ಹೆಚ್ಚು, ಅಂದರೆ ಕೆಲವು ದಿನ ಎರಡು, ಹೆಚ್ಚಿನ ದಿನ ಮೂರು. ಹೊಸದು ಮೂರೇ ಆದರೂ ಹಳೆಯದರ ಬಾಕಿ ಇರುತ್ತದಲ್ಲ. ಒಂದು ಪದ್ಯಕ್ಕೆ ಐದು ಸಲ ಪುನರಾವರ್ತನೆ ಎಂದರೆ ದಿನಕ್ಕೆ ಹದಿನೈದು ಹಳೆಯವು. ತಪ್ಪಿದವು ಮತ್ತೆ ಸಾಲಿಗೆ ಬಂದು ಇಪ್ಪತ್ತು ದಾಟುತ್ತವೆ. ಒಂದು ವಾರ ಪ್ರವಾಸ ಹೋಗಿ ಬಂದರೆ ನೂರರಷ್ಟು ಬಾಕಿ. ಹೆಚ್ಚಿನವರು ಕೈಬಿಡುವುದು ಈ ಬಾಕಿಯ ಭಾರಕ್ಕೆ.

ವಾರಕ್ಕೆ ಐದರಂತೆ ಹೋದರೆ 189 ವಾರ, ಸುಮಾರು ಮೂರು ವರ್ಷ ಏಳು ತಿಂಗಳು. ಇದು ನಡೆಯುವ ಮಾತು. ಸೋಮವಾರದಿಂದ ಶುಕ್ರವಾರ ದಿನಕ್ಕೊಂದು, ಶನಿವಾರ-ಭಾನುವಾರ ಹಳೆಯವು ಮಾತ್ರ.

ಕಗ್ಗದ ವಿಶೇಷ ಕಷ್ಟ ಮರೆವಲ್ಲ, ಬೆರಕೆ. ನಾಲ್ಕು ಸಾಲಿನ ಒಂದೇ ಅಚ್ಚು, ಒಂದೇ ಅಂಕಿತ. ಇನ್ನೂರು ದಾಟಿದ ಮೇಲೆ ಒಂದು ಪದ್ಯದ ಮೂರನೆಯ ಸಾಲು ಇನ್ನೊಂದರೊಳಗೆ ನುಸುಳುತ್ತದೆ, ಛಂದಸ್ಸು ಕೂಡಿಬರುವುದರಿಂದ ನಿಮಗೆ ಗೊತ್ತೂ ಆಗುವುದಿಲ್ಲ. ಹಾಗಾಗಿ ಪ್ರತಿ ಪದ್ಯಕ್ಕೂ ವಿಷಯದ ಒಂದು ಪದವನ್ನು ನೀವೇ ಹೆಸರಾಗಿಟ್ಟು, ಸಂಖ್ಯೆಯೊಡನೆ ನೋಟ್‌ಬುಕ್ಕಿನಲ್ಲಿ ಬರೆಯಿರಿ. ಸಂಖ್ಯೆಯ ಕ್ರಮದಲ್ಲಷ್ಟೇ ಹೇಳುತ್ತ ಹೋದರೆ 400ನೆಯದು ಬೇಕಾದಾಗ 390ರಿಂದ ಶುರುಮಾಡಬೇಕಾಗುತ್ತದೆ. ವಾರಕ್ಕೊಮ್ಮೆ ಹೆಸರು ನೋಡಿ ಪದ್ಯ ಹೇಳಿ, ಕ್ರಮ ಕಲಸಿ. ನೂರು ಪದ್ಯ ಹೀಗೆ ಎಲ್ಲಿ ಕೇಳಿದರಲ್ಲಿ ಬರುವುದು, 945ನ್ನು ಸರಪಳಿಯಂತೆ ಎಳೆಯುವುದಕ್ಕಿಂತ ನಮ್ಮ ದೃಷ್ಟಿಯಲ್ಲಿ ಮೇಲು.

ಅರ್ಥ ತಿಳಿಯದ ಮಕ್ಕಳಿಗೆ ಸೋಮೇಶ್ವರ ಶತಕದಂಥ ಹಳೆಯ ಪದ್ಯ ಬಾಯಿಪಾಠ ಮಾಡಿಸುವುದು ಗಿಳಿಪಾಠವಲ್ಲವೇ?
— ಓದುಗರು, ಧಾರವಾಡ

ಪೂರ್ತಿ ಅರ್ಥ ಬೇಕಿಲ್ಲ, ಆದರೆ ಏನೂ ತಿಳಿಯದಿದ್ದರೆ ಕಲಿಯುವ ಶ್ರಮ ದುಪ್ಪಟ್ಟಲ್ಲ, ಹತ್ತುಪಟ್ಟು. ಜರ್ಮನಿಯ ಎಬ್ಬಿಂಗ್‌ಹೌಸ್ 1885ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ ತನ್ನನ್ನೇ ಪರೀಕ್ಷಿಸಿಕೊಂಡು ಕಂಡದ್ದು ಇದನ್ನೇ. ಅರ್ಥವಿಲ್ಲದ ಅಕ್ಷರಗುಚ್ಛಗಳಿಗೆ ಬೇಕಾದ ಶ್ರಮದ ಸುಮಾರು ಹತ್ತನೆಯ ಒಂದು ಭಾಗದಲ್ಲಿ ಪದ್ಯ ಹತ್ತಿತು. ಮಗುವಿಗೆ ಎರಡು ವಾಕ್ಯದಲ್ಲಿ ತಾತ್ಪರ್ಯ ಹೇಳಿದರೆ ಸಾಕು.

ಆದರೆ ‘ಈಗಿನ ಕನ್ನಡ’ಕ್ಕೆ ತಿದ್ದಿ ಕಲಿಸಬೇಡಿ. ‘ಕೆಲವಂ ಬಲ್ಲವರಿಂದ ಕಲ್ತು ಕೆಲವಂ ಶಾಸ್ತ್ರಂಗಳಂ ಕೇಳುತಂ’ ಎಂಬುದು ಮತ್ತೇಭವಿಕ್ರೀಡಿತ, ಸಾಲಿಗೆ 20 ಅಕ್ಷರ. ‘ಕಲ್ತು’ವನ್ನು ‘ಕಲಿತು’ ಎಂದರೆ 21 ಆಗುತ್ತದೆ. ಅಷ್ಟೇ ಅಲ್ಲ, ಒತ್ತಿನಿಂದ ಗುರುವಾಗಿದ್ದ ‘ಕ’ ಲಘುವಾಗಿ ಇಡೀ ಸಾಲು ಕುಸಿಯುತ್ತದೆ. ಕುಸಿದ ಸಾಲು ನೆನಪಿನಲ್ಲೂ ನಿಲ್ಲುವುದಿಲ್ಲ.

ಅಷ್ಟಾವಧಾನಿಗಳು ನಾಲ್ಕು ಪದ್ಯಗಳನ್ನು ಏಕಕಾಲಕ್ಕೆ ಹೇಗೆ ನೆನಪಿಡುತ್ತಾರೆ? ಅದೂ ಕಂಠಪಾಠವೇ?
— ಪಿಯು ವಿದ್ಯಾರ್ಥಿನಿ, ತುಮಕೂರು

ಅಲ್ಲ. ಅಷ್ಟಾವಧಾನಿ ಎಂದರೆ ಸಭೆಯಲ್ಲಿ ಎಂಟು ಮಂದಿ ಒಡ್ಡುವ ಸವಾಲುಗಳನ್ನು ಒಟ್ಟಿಗೆ ನಿಭಾಯಿಸುವ ಆಶುಕವಿ. ಅವರು ಉರು ಹೊಡೆದದ್ದನ್ನು ಹೇಳುತ್ತಿಲ್ಲ, ಅಲ್ಲೇ ಕಟ್ಟುತ್ತಿದ್ದಾರೆ. ನಿಷೇಧಾಕ್ಷರಿ (ಬೇಡವೆಂದ ಅಕ್ಷರ ಬಿಟ್ಟು ಕಟ್ಟುವುದು), ಸಮಸ್ಯಾಪೂರಣ (ಕೊಟ್ಟ ಸಾಲಿಗೆ ಪದ್ಯ ಪೂರ್ತಿಮಾಡುವುದು), ದತ್ತಪದಿ (ಕೊಟ್ಟ ಪದಗಳನ್ನು ಸೇರಿಸಿ ಕಟ್ಟುವುದು), ಚಿತ್ರಕವಿತೆ (ಅಕ್ಷರ ಚಮತ್ಕಾರದ ಪದ್ಯ) ಇವುಗಳ ಪದ್ಯಗಳು ಸುತ್ತಿಗೊಂದು ಸಾಲಿನಂತೆ ನಾಲ್ಕು ಸುತ್ತಿನಲ್ಲಿ ಬೆಳೆಯುತ್ತವೆ. ನಡುನಡುವೆ ಅಪ್ರಸ್ತುತಪ್ರಸಂಗದವರ ಕೀಟಲೆ ಬೇರೆ. ಬರೆದುಕೊಳ್ಳುವಂತಿಲ್ಲ. ಕೊನೆಗೆ ನಾಲ್ಕನ್ನೂ ಇಡಿಯಾಗಿ ಒಪ್ಪಿಸುವುದಕ್ಕೆ ಧಾರಣ ಎಂದು ಹೆಸರು.

ಇಲ್ಲಿ ನೆನಪಿಗೆ ಆಸರೆ ಮೂರು. ವೃತ್ತ ಮೊದಲೇ ಗೊತ್ತು, ಆದ್ದರಿಂದ ಎಷ್ಟು ಅಕ್ಷರ, ಎಲ್ಲಿ ಗುರು ಎಂಬ ಅಚ್ಚು ಸಿದ್ಧ. ಆದಿಪ್ರಾಸದ ಅಕ್ಷರ ಮೊದಲ ಸಾಲಿನಲ್ಲೇ ನಿರ್ಧಾರವಾಗಿರುತ್ತದೆ. ಪ್ರತಿ ಪದಕ್ಕೂ ಅದನ್ನು ಯಾಕೆ ಆರಿಸಿದೆ ಎಂಬ ಕಾರಣ ಅವರಿಗೆ ಗೊತ್ತಿರುತ್ತದೆ. ನಿಷೇಧಾಕ್ಷರಿಯಲ್ಲಿ ಪೃಚ್ಛಕರು (ಸವಾಲು ಒಡ್ಡುವವರು) ಬೇಡವೆಂದ ಅಕ್ಷರವನ್ನು ತಪ್ಪಿಸಿ ಹೋದ ದಾರಿಯೇ ಗುರುತಾಗುತ್ತದೆ. ನೀವು ಶುರುಮಾಡಬೇಕೆಂದಿದ್ದರೆ ಕಂದಪದ್ಯ ಹಿಡಿಯಿರಿ: ಒಂದು, ಮೂರನೆಯ ಸಾಲಿಗೆ 12 ಮಾತ್ರೆ, ಎರಡು, ನಾಲ್ಕಕ್ಕೆ 20, ಒಟ್ಟು 64. ಬೇರೆಯವರ ಕಂದ ಇಪ್ಪತ್ತೈದು ಬಾಯಿಗೆ ಬಂದ ಮೇಲೆ, ಕಾಗದವಿಲ್ಲದೆ ನಿಮ್ಮದೊಂದು ಸಾಲು ಕಟ್ಟಿ, ಬಟ್ಟೆ ಒಗೆದು ಮುಗಿಸಿ ಬಂದು ಅದೇ ಸಾಲು ಹೇಳಿ ನೋಡಿ. ಮರುದಿನ ಎರಡನೆಯ ಸಾಲು.